ಎರಡನೇ ಗೇರಿನ ಘಟ್ಟ

ಜಕ್ಕನಹಳ್ಳಿಯಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ಹೊರಳಿದ ಮೇಲೂ ಒಂದಷ್ಟು ದೂರ ಆ ರಸ್ತೆ ತಾನು ಬೆಟ್ಟ ಹತ್ತಲಿದೆ ಎಂಬ ಗುಟ್ಟು ಬಿಟ್ಟುಕೊಡುವುದಿಲ್ಲ. ಎರಡೂ ಕಡೆ ರಾಗಿ, ಹುರುಳಿ, ಬದುವಿನ ಮೇಲೆ ತೆಂಗು, ನಡುರಸ್ತೆಯಲ್ಲಿ ನಿಂತು ನಮ್ಮನ್ನೇ ವಿಚಾರಿಸಿಕೊಳ್ಳುವ ಒಂದು ಎಮ್ಮೆ. ಆಮೇಲೆ ಯಾವುದೋ ತಿರುವಿನಲ್ಲಿ ಎಂಜಿನ್ನಿನ ದನಿ ದಪ್ಪವಾಗುತ್ತದೆ. ಮೂರನೇ ಗೇರು ಇನ್ನು ನನ್ನ ಕೈಲಾಗದು ಎನ್ನುತ್ತದೆ. ಎರಡಕ್ಕೆ ಇಳಿಸಿದರೆ ಕಾರು ಒಮ್ಮೆ ಮೈಕೊಡವಿಕೊಂಡು, ಹೆಗಲು ಕೊಟ್ಟ ಎತ್ತಿನ ಹಾಗೆ ಮುಂದಕ್ಕೆ ಬಾಗುತ್ತದೆ. ಮೇಲುಕೋಟೆಯ ಘಟ್ಟ ಶುರುವಾಯಿತು ಅನ್ನುವುದು ಮೊದಲು ಗೊತ್ತಾಗುವುದು ಕಣ್ಣಿಗಲ್ಲ, ಎಡಗಾಲಿಗೆ.

ಹೋದ ವರ್ಷ ಆಷಾಢದಲ್ಲಿ ಇದರ ಎರಡರಷ್ಟಕ್ಕೂ ಮಿಗಿಲಾದ ಘಟ್ಟವೊಂದನ್ನು ಹತ್ತಿಳಿದು ಬಂದವನು ನಾನು. ಮಗಳ ಸಂಸಾರ ಸ್ವಿಟ್ಜರ್‌ಲೆಂಡಿನಲ್ಲಿದೆ. ಅಳಿಯ ಒಂದು ಶನಿವಾರ ಬೆಳಿಗ್ಗೆ ಫುರ್ಕಾ ಪಾಸಿಗೆ ಕರೆದುಕೊಂಡು ಹೋದ. ಎತ್ತರ 2,429 ಮೀಟರ್. ಚಳಿಗಾಲವಿಡೀ ಹಿಮದಡಿ ಮಲಗಿದ್ದು ಬೇಸಿಗೆಗೆ ಮಾತ್ರ ಕಣ್ಣು ಬಿಡುವ ದಾರಿ. ಅವನು ಓಡಿಸುತ್ತಿದ್ದ, ನಾನು ಪಕ್ಕದಲ್ಲಿ ಕೂತು ನನ್ನ ಕಾಲ ಬುಡದಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಿದ್ದೆ. ಅಲ್ಲಿನ ಶಿಸ್ತೇ ಬೇರೆ. ಇಳಿಯುವ ಗಾಡಿ ನಿಲ್ಲಬೇಕು, ಹತ್ತುವ ಗಾಡಿಗೆ ದಾರಿ ಬಿಡಬೇಕು. ತಿರುವಿನಾಚೆಯಿಂದ ಹಳದಿ ಅಂಚೆ ಬಸ್ಸು ಮೂರು ಸ್ವರದ ಹಾರನ್ನು ಊದಿತೆಂದರೆ ಹತ್ತುವವರೂ ಇಳಿಯುವವರೂ ಬಂಡೆಗೆ ಅಂಟಿಕೊಳ್ಳಬೇಕು. ರೋನ್ ಹಿಮನದಿಯ ಪಕ್ಕದ ತಿರುವಿನಲ್ಲಿ, ಪೋಸ್ಟ್‌ಕಾರ್ಡುಗಳಲ್ಲಿ ಎಲ್ಲರೂ ನೋಡಿರುವ ಹೋಟೆಲ್ ಬೆಲ್ವೆಡೇರ್ ಬಾಗಿಲು ಹಾಕಿಕೊಂಡು ನಿಂತಿತ್ತು. ಅದರ ಹಿಂದೆ ಕರಗುತ್ತಿರುವ ಹಿಮದ ಮೇಲೆ ಬಿಳಿ ಕಂಬಳಿ ಹಾಸಿದ್ದರು. ಬಿಸಿಲು ತಾಗದಿರಲಿ ಎಂದು ಹಾಗೆ ಮಾಡುತ್ತಾರಂತೆ. ನನಗೆ ಮಾತ್ರ ಜ್ವರ ಬಂದ ಮುದುಕರನ್ನು ಹೊದಿಸಿ ಮಲಗಿಸಿದ ಹಾಗೆ ಕಂಡು, ಫೋಟೋ ತೆಗೆಯಲು ಕೈ ಬರಲಿಲ್ಲ.

ನೆತ್ತಿಯಲ್ಲಿ ಇಳಿದು ಚಹಾ ಕುಡಿಯುವಾಗ ಅಳಿಯ ಒಂದು ಮಾತು ಹೇಳಿದ. 'ಮಾವ, ಇಲ್ಲಿ ನಿಂತು ಈ ಕಡೆ ಉಗುಳಿದರೆ ಅದು ರೋನ್ ನದಿ ಸೇರಿ ಮೆಡಿಟರೇನಿಯನ್‌ಗೆ ಹೋಗುತ್ತೆ. ಆ ಕಡೆ ಉಗುಳಿದರೆ ರೊಯ್ಸ್, ಆಮೇಲೆ ರೈನ್, ಕೊನೆಗೆ ಉತ್ತರ ಸಮುದ್ರ.' ಉಗುಳಲು ಧೈರ್ಯ ಬರಲಿಲ್ಲ, ಅಲ್ಲಿ ಅದಕ್ಕೆ ಎಷ್ಟು ದಂಡವೋ. ಆದರೆ ಮಾತು ಮನಸ್ಸಿನಲ್ಲಿ ಕೂತಿತು. ಒಂದು ಮೋಡದಿಂದ ಬಿದ್ದ ಎರಡು ಹನಿಗಳು, ನಡುವೆ ಒಂದು ಮಾರು ದೂರ, ಅಷ್ಟಕ್ಕೇ ಒಂದನ್ನೊಂದು ಮತ್ತೆ ನೋಡದ ಹಾಗೆ ಬೇರೆ ಬೇರೆ ಸಮುದ್ರಕ್ಕೆ. ಹುಟ್ಟಿದ್ದು ಪಾಂಡವಪುರದಲ್ಲಿ, ಮೇಲುಕೋಟೆ ಘಟ್ಟವನ್ನು ಕಾಲ್ನಡಿಗೆಯಲ್ಲಿ, ಕೆಂಪು ಬಸ್ಸಿನಲ್ಲಿ, ಸ್ಕೂಟರಿನಲ್ಲಿ ಅದೆಷ್ಟು ಸಲ ಹತ್ತಿದ್ದೇನೋ. ಅಲ್ಲಿ ಬಿದ್ದ ಮಳೆ ಯಾವ ಕಡೆಗೆ ಹೋಗುತ್ತದೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ. ನೋಡಬೇಕಾದರೆ ಮಳೆಗಾಲವೇ ಆಗಬೇಕು. ಹಾಗಾಗಿ ಈ ಸಲ ದೀಪಾವಳಿಯ ಆಸುಪಾಸು, ಸ್ವಾತಿ ಮಳೆ ಹಿಡಿದಿದ್ದ ಒಂದು ಭಾನುವಾರ ಮೈಸೂರಿನಿಂದ ಹೊರಟೆ. ಹೆಂಡತಿ ಬರಲಿಲ್ಲ. 'ನೀರು ಹರಿಯೋದನ್ನ ನೋಡೋಕೆ ಪೆಟ್ರೋಲ್ ಸುಡ್ತಾರಾ' ಎಂದಳು.

ಶ್ರೀರಂಗಪಟ್ಟಣ ದಾಟಿ ಉತ್ತರಕ್ಕೆ ತಿರುಗಿದರೆ ಕಾವೇರಿ ಬಯಲು. ಕೆಸರು ಹಸಿರು ಎರಡೂ ಒಂದೇ ಬಣ್ಣವಾಗುವ ಗದ್ದೆಗಳು. ಈ ಬಯಲನ್ನು ಚಕ್ರದ ಮೇಲೆ ದಾಟುವುದು ಎಷ್ಟು ಕಷ್ಟ ಎಂಬುದನ್ನು ಕಾರ್ನ್‌ವಾಲಿಸ್‌ನ ಪಡೆಯನ್ನು ಕೇಳಬೇಕು. 1791ರ ಮೇ ತಿಂಗಳಲ್ಲಿ ಟಿಪ್ಪುವಿನ ರಾಜಧಾನಿಯ ಕಣ್ಣಳತೆಗೆ ಬಂದವರಿಗೆ ಮಳೆ ಹಿಡಿಯಿತು, ಮೇವಿಲ್ಲದೆ ಎತ್ತುಗಳು ಸಾಲುಸಾಲಾಗಿ ಸತ್ತವು. ಎಳೆಯುವವರೇ ಇಲ್ಲದ ಮೇಲೆ ಮುತ್ತಿಗೆಯ ಭಾರಿ ಫಿರಂಗಿಗಳನ್ನು ಕನ್ನಂಬಾಡಿಯ ಹತ್ತಿರ ತಾವೇ ಹಾಳುಗೆಡವಿ ಹಿಂದಿರುಗಬೇಕಾಯಿತು. ಹಾಗೆ ಸೋತು ಹೋಗುತ್ತಿದ್ದವರಿಗೆ ಗೆಳೆಯರಾದ ಮರಾಠರ ದಂಡು ಎದುರಾದದ್ದು ಮೇಲುಕೋಟೆಯ ದಿಕ್ಕಿನಲ್ಲಿ. ನಾಲ್ಕು ದಿನ ಮೊದಲು ಬಂದಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತೇನೋ. ಎತ್ತಿನ ಕಾಲು ಮುರಿದರೆ ಸಾಮ್ರಾಜ್ಯದ ಕಾಲೂ ಕುಂಟುತ್ತದೆ ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು.

ಪಾಂಡವಪುರವನ್ನು ನನ್ನ ಅಜ್ಜಿ ಕೊನೆವರೆಗೂ 'ಹಿರೋಡೆ' ಎನ್ನುತ್ತಿದ್ದಳು. ರೈಲ್ವೆಯವರಿಗೆ ಅದು ಬಹಳ ಕಾಲ 'ಫ್ರೆಂಚ್ ರಾಕ್ಸ್'. ಹೈದರ್, ಟಿಪ್ಪುವಿನ ಸೈನ್ಯದಲ್ಲಿದ್ದ ಫ್ರೆಂಚರು ಬಿಡಾರ ಹೂಡಿದ್ದ ಬಂಡೆಗಳಂತೆ. ಕುಂತಿಬೆಟ್ಟದ ಆ ದುಂಡು ಬಂಡೆಗಳ ಕೆಳಗೆ ಕೂತು ಅವರಿಗೆ ತಮ್ಮೂರಿನ ಬೆಟ್ಟಗಳು ನೆನಪಾಗಿದ್ದವೋ ಏನೋ. ಯಾವ ಬೆಟ್ಟ ಹಿರಿಯದು ಎಂದು ಜಗಳ ಬಂದರೆ ಮಾತ್ರ ನಮ್ಮದೇ ಗೆಲುವು. ಈ ಸೀಮೆಯ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ. ಆಲ್ಪ್ಸ್ ಮೊನ್ನೆ ಮೊನ್ನೆ, ಕೆಲವೇ ಕೋಟಿ ವರ್ಷಗಳ ಹಿಂದೆ ತಲೆಯೆತ್ತಿದ ಕೂಸು. ಎಳೆಯದು, ಅದಕ್ಕೇ ಮೊನಚು. ನಮ್ಮವು ಬಿಸಿಲು ಮಳೆ ತಿಂದು ತಿಂದು ಬೋಳಾದ ಹಿರಿಯರು. ಆ ಹಿರಿತನಕ್ಕೆ ಸಿಗುವ ಮರ್ಯಾದೆ ಏನೆಂದು ಬೇಬಿ ಬೆಟ್ಟದ ಕಡೆ ಹೋಗಿ ನೋಡಬೇಕು. ಶಿವರಾತ್ರಿಗೆ ದನಗಳ ಜಾತ್ರೆ ಕೂಡುವ ಜಾಗವೇ ಕಲ್ಲು ಗಣಿಯ ವ್ಯಾಜ್ಯಕ್ಕೂ ಹೆಸರಾಗಿದೆ. ನಾನು ಓಡಿಸುತ್ತಿರುವ ರಸ್ತೆಯ ಡಾಂಬರಿನ ಕೆಳಗಿನ ಜಲ್ಲಿಯೂ ಎಲ್ಲೋ ಒಂದು ಕಾಲದಲ್ಲಿ ಬೆಟ್ಟವಾಗಿದ್ದದ್ದೇ.

ಘಟ್ಟದ ರಸ್ತೆ ಎಂದರೆ ಜನ ಹೆದರುತ್ತಾರೆ. ಫುರ್ಕಾದಲ್ಲಿ ನಾನೂ ಹೆದರಿದ್ದೆ. ನಮ್ಮ ತಾಲ್ಲೂಕಿನಲ್ಲಿ ಹೆದರಬೇಕಾದದ್ದು ನೇರ ರಸ್ತೆಗಳಿಗೆ, ಅದರಲ್ಲೂ ನಾಲೆಯ ಪಕ್ಕದ ರಸ್ತೆಗಳಿಗೆ. 2018ರ ನವೆಂಬರ್ 24ರಂದು ಕನಗನಮರಡಿಯ ಹತ್ತಿರ ಒಂದು ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಹೋದರು. ಹಾಡುಹಗಲು. ಸತ್ತವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳಿದ್ದರು. ಅಲ್ಲಿ ಕೊರಕಲೂ ಇರಲಿಲ್ಲ, ಪ್ರಪಾತವೂ ಇರಲಿಲ್ಲ. ಕಬ್ಬಿಗೆ, ಭತ್ತಕ್ಕೆ ಹೋಗುವ ನೀರು, ಅಷ್ಟೆ. ಆ ದಾರಿಯಲ್ಲಿ ಹೋಗುವಾಗ ಈಗಲೂ ನಾಲೆಯ ಕಡೆಗಿನ ಕಿಟಕಿಯಾಚೆ ನೋಡುವುದು ನನ್ನಿಂದಾಗುವುದಿಲ್ಲ.

ತೊಣ್ಣೂರಿನ ಕೆರೆಗೆ ಈ ಸಲ ಇಳಿಯಲಿಲ್ಲ, ದೂರದಿಂದ ನೋಡಿದೆ. ಯಾದವ ನದಿ ಎಂಬ ಹಳ್ಳಕ್ಕೆ ಎರಡು ಬಂಡೆ ಬೆಟ್ಟಗಳ ನಡುವೆ ಏರಿ ಹಾಕಿ ಕಟ್ಟಿದ ಕೆರೆ ಅದು. 1746ರಲ್ಲಿ ಬಂದ ನಿಜಾಮನ ಮಗ ನಾಸಿರ್ ಜಂಗ್ ಆ ನೀರಿನ ತಿಳಿ ಕಂಡು ಮೋತಿ ತಲಾಬ್, ಮುತ್ತಿನ ಕೆರೆ, ಎಂದು ಕರೆದ. ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದರೆ ಮುತ್ತಾಗುತ್ತದೆ ಅನ್ನುವ ನಂಬಿಕೆಯ ನಾಡಿಗೆ ಬಂದು ಆ ಹೆಸರಿಟ್ಟಿದ್ದಾನೆ. ಅವನಿಗೆ ಗೊತ್ತಿತ್ತೋ ಇಲ್ಲವೋ.

ಈಗ ಘಟ್ಟಕ್ಕೆ ಬರೋಣ. ಜಕ್ಕನಹಳ್ಳಿಯಿಂದ ಮೇಲುಕೋಟೆಗೆ ಆರು ಕಿಲೋಮೀಟರ್ ಆಸುಪಾಸು, ಅದರಲ್ಲಿ ನಿಜವಾದ ಏರು ಇನ್ನೂ ಕಡಿಮೆ. ಫುರ್ಕಾ ನೋಡಿದವರು ಇದನ್ನು ಘಟ್ಟ ಎಂದರೆ ನಗಬಹುದು, ನಗಲಿ. ನನ್ನ ಬಾಲ್ಯದಲ್ಲಿ ಹಳೆಯ ಕಾರುಗಳು ಇಲ್ಲಿ ಬಾನೆಟ್ ತೆರೆದುಕೊಂಡು ಹೊಗೆಯಾಡುತ್ತಾ ನಿಂತಿರುತ್ತಿದ್ದವು. ನಾವು ಹುಡುಗರು ಕೊಡದಲ್ಲಿ ನೀರು ತಂದು ಕೊಟ್ಟು ನಾಲ್ಕಾಣೆ ಗಿಟ್ಟಿಸುತ್ತಿದ್ದೆವು. ರೇಡಿಯೇಟರಿನ ಮುಚ್ಚಳ ತೆಗೆಯುವ ಮೊದಲು ಗೋಣಿಚೀಲ ಒದ್ದೆ ಮಾಡಿ ಹೊದಿಸಬೇಕು, ಮುಖ ಆಚೆ ತಿರುಗಿಸಿಕೊಳ್ಳಬೇಕು. ಅವಸರ ಮಾಡಿದ ಒಬ್ಬ ಹುಡುಗನ ಮೊಣಕೈಯಲ್ಲಿ ಆ ಗುರುತು ಇವತ್ತೂ ಇದೆ. ಆ ಮೊಣಕೈಯೇ ಈಗ ಕಿಟಕಿಯಾಚೆ ಚಾಚಿಕೊಂಡಿದೆ.

ಈ ದಾರಿಯಲ್ಲಿ ವರ್ಷಕ್ಕೊಮ್ಮೆ ಬರುವ ಅತಿ ಗಣ್ಯ ಪ್ರಯಾಣಿಕ ಒಂದು ಕಿರೀಟ. ಮಂಡ್ಯದ ಖಜಾನೆಯಿಂದ ವೈರಮುಡಿ ಪೊಲೀಸ್ ಕಾವಲಿನಲ್ಲಿ ಹೊರಡುತ್ತದೆ. ದಾರಿಯುದ್ದಕ್ಕೂ ಹಳ್ಳಿ ಹಳ್ಳಿಯಲ್ಲಿ ಪೂಜೆ. ರಾತ್ರಿ ಚೆಲುವನಾರಾಯಣನ ಉತ್ಸವಮೂರ್ತಿಗೆ ಅದನ್ನು ತೊಡಿಸಿದರೆ, ಬೆಳಕು ಹರಿಯುವ ಮುಂಚೆ ತೆಗೆಯಬೇಕು. ಅದಕ್ಕೆ ಹಗಲ ಬೆಳಕು ತಾಗಬಾರದು ಎಂಬುದು ನಂಬಿಕೆ. ಆ ರಾತ್ರಿ ಈ ಏರಿನಲ್ಲಿ ಕಾರು ಓಡಿಸುವ ಮಾತೇ ಇಲ್ಲ, ತಲೆಗಳ ನಡುವೆ ತೇಲಿಕೊಂಡು ಹೋಗಬೇಕು.

ಎರಡನೇ ಗೇರಿನಲ್ಲಿ ಹತ್ತುವಾಗ ಪಕ್ಕದ ಕುರುಚಲು ಕಾಡನ್ನು ನೋಡಲು ಪುರುಸೊತ್ತಿರುತ್ತದೆ. 1974ರಲ್ಲಿ ಇಲ್ಲಿ ಐವತ್ತು ಚದರ ಕಿಲೋಮೀಟರಿನಷ್ಟು ಕಾಡನ್ನು ವನ್ಯಧಾಮ ಎಂದು ಸಾರಿದರು. ಹುಲಿಗಲ್ಲ, ಆನೆಗಲ್ಲ, ತೋಳಗಳಿಗಾಗಿ. ತೋಳ ಬಂತು ತೋಳ ಎಂದು ಕೂಗಿ ಕೂಗಿ ಬೆಳೆದವರು ಅದಕ್ಕೊಂದು ಜಾಗ ಬಿಟ್ಟುಕೊಟ್ಟದ್ದು ಸಣ್ಣ ಸಂಗತಿಯಲ್ಲ. ನಾನು ಇಷ್ಟು ವರ್ಷದಲ್ಲಿ ಒಂದನ್ನೂ ಕಂಡಿಲ್ಲ. ಕಂಡದ್ದು ಬಂಡೆಯ ಸಂದಿನ ಸೈಕಸ್ ಗಿಡಗಳನ್ನು. ತಾಳೆಯಂತೆ ಕಾಣುತ್ತದೆ, ತಾಳೆಯಲ್ಲ. ಆಲ್ಪ್ಸ್ ಹುಟ್ಟುವ ಎಷ್ಟೋ ಮುಂಚಿನ ವಂಶ ಅದರದು.

ಮೇಲೆ ತಲುಪಿದಾಗ ತುಂತುರು. ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಮಳೆ ಒಂದೊಂದೇ ಮೆಟ್ಟಿಲು ಇಳಿದು ಹೋಗುತ್ತಿತ್ತು, ಅವಸರವಿಲ್ಲದ ಯಾತ್ರಿಕರ ಹಾಗೆ. ಮುಗಿಯದೆ ನಿಂತ ರಾಯಗೋಪುರದ ಕಂಬಗಳ ನಡುವೆ ಮದುವೆ ನಿಶ್ಚಯವಾದ ಜೋಡಿಯೊಂದು ಫೋಟೋಗಾಗಿ ಒದ್ದೆಯಾಗುತ್ತಾ ನಿಂತಿತ್ತು. ಫುರ್ಕಾಕ್ಕೆ 1964ರ 'ಗೋಲ್ಡ್‌ಫಿಂಗರ್' ಚಿತ್ರದಲ್ಲಿ ಜೇಮ್ಸ್ ಬಾಂಡ್ ಕಾರು ಓಡಿಸಿದ ಹೆಮ್ಮೆ. ನಮ್ಮ ಮೇಲುಕೋಟೆಯಲ್ಲಿ 2007ರ 'ಗುರು' ಚಿತ್ರಕ್ಕಾಗಿ ಐಶ್ವರ್ಯಾ ರೈ ಮಳೆಯಲ್ಲಿ ಕುಣಿದು ಹೋದರು. ಲೆಕ್ಕ ಸರಿಹೋಯಿತು. ಕವಿ ಪುತಿನ ಅವರ ಮನೆಯ ಮುಂದಿನ ಬೀದಿಯಲ್ಲಿ ಒಂದು ಸುತ್ತು ನಡೆದು, ಮುತ್ತುಗದೆಲೆಯ ದೊನ್ನೆಯಲ್ಲಿ ಪುಳಿಯೋಗರೆ ತೆಗೆದುಕೊಂಡೆ. ಮೆಂತ್ಯ ಒಂದಿಷ್ಟು ಹೆಚ್ಚೇ ಹುರಿದಿತ್ತು. ಬಿಸಿ ಇರಲಿಲ್ಲ, ಪುಳಿಯೋಗರೆ ಬಿಸಿ ಇರಲೂ ಬಾರದು. ಅಂಗಡಿಯಲ್ಲಿ ನಾಮದ ಮಣ್ಣಿನ ಬಿಳಿ ಉಂಡೆಗಳನ್ನು ಪಿರಮಿಡ್ಡಿನಂತೆ ಜೋಡಿಸಿದ್ದರು. ಈ ಬೆಟ್ಟದ ಬಿಳಿ ಮಣ್ಣು ಹಿಂದೆ ಕಾಶಿಯವರೆಗೂ ಹೋಗುತ್ತಿತ್ತಂತೆ. ಒಂದುಂಡೆ ಕೈಗೆ ತೆಗೆದುಕೊಂಡೆ. ನುಣುಪು, ತಣ್ಣಗೆ. ಬೆರಳಿನ ಗೆರೆಗಳೊಳಗೆ ಇಳಿದು ಕೂತ ಬಿಳಿ ಸಂಜೆಯವರೆಗೂ ಹೋಗಲಿಲ್ಲ.

ಸಾಮಾನ್ಯವಾಗಿ ಎಲ್ಲರೂ ಇಲ್ಲಿಂದ ಬಂದ ದಾರಿಯಲ್ಲೇ ಇಳಿಯುತ್ತಾರೆ. ನಮ್ಮ ಕಡೆ ಬೆಟ್ಟ ಎಂದರೆ ಹತ್ತಿ, ಕೈಮುಗಿದು, ಇಳಿಯುವುದು. ಆಚೆ ಬದಿಗೆ ದಾಟುವುದಲ್ಲ. ಆಲ್ಪ್ಸ್‌ನಲ್ಲಿ ಬೆಟ್ಟ ಅಡ್ಡ ನಿಂತಿರುತ್ತದೆ, ದಾಟದೆ ಬದುಕಿಲ್ಲ, ಆದ್ದರಿಂದ ಪಾಸ್. ಅದಕ್ಕೆ ಕನ್ನಡದಲ್ಲಿ ಏನು ಹೇಳುವುದು ಎಂದು ಮಗಳು ಕೇಳಿದಾಗ 'ಕಣಿವೆ' ಎಂದಿದ್ದೆ, ಅರ್ಧ ಸರಿ. 'ಘಟ್ಟ' ಎಂಬುದೇ ಮೇಲು. ಆ ಪದಕ್ಕೆ ಒಂದು ಚಮತ್ಕಾರವಿದೆ. ಬೆಟ್ಟ ಹತ್ತುವುದೂ ಘಟ್ಟವೇ, ಹೊಳೆಗೆ ಇಳಿಯುವ ಮೆಟ್ಟಿಲೂ ಘಟ್ಟವೇ. ಮೇಲಕ್ಕೂ ಕೆಳಕ್ಕೂ ಒಂದೇ ಮಾತು ಸಾಕು ಎಂದು ತೀರ್ಮಾನಿಸಿದ ಹಿಂದಿನವರು ಬೆಟ್ಟವನ್ನು ನೀರಿನ ಕಣ್ಣಿನಿಂದ ನೋಡಿದ್ದಿರಬೇಕು.

ಪಡುವಣಕ್ಕೆ, ಕೆ.ಆರ್. ಪೇಟೆಯ ಕಡೆಗೆ ಇಳಿಯುವ ಕಿರಿದಾದ ರಸ್ತೆ ಹಿಡಿದೆ. ಊರು ಬಿಟ್ಟ ಮೇಲೆ ಒಂದು ಕಡೆ ನೆಲ ಎರಡೂ ಬದಿಗೆ ತಗ್ಗುತ್ತಾ ಹೋಗುವ ಜಾಗವಿದೆ. ಬೋರ್ಡಿಲ್ಲ, ಚಹಾ ಅಂಗಡಿಯಿಲ್ಲ, ಎತ್ತರ ಬರೆದ ಕಲ್ಲಿಲ್ಲ. ಸಾವಿರ ಮೀಟರಿನ ಸುಮಾರಿನ ಎತ್ತರ. ಕಾರು ಪಕ್ಕಕ್ಕೆ ಹಾಕಿ ಕೊಡೆ ಬಿಡಿಸಿ ಕೂತೆ. ಮಳೆ ಈಗ ಜೋರಾಗಿತ್ತು. ಡಾಂಬರಿನ ನಡುವೆ ಸಣ್ಣ ಉಬ್ಬು, ಯಾರೋ ಗುಂಡಿ ಮುಚ್ಚಿದ ತೇಪೆ. ಅದರ ಮೇಲೆ ಬಿದ್ದ ನೀರು ಒಂದು ಕ್ಷಣ ಏನೂ ತೋಚದ ಹಾಗೆ ನಡುಗುತ್ತಾ ನಿಲ್ಲುತ್ತಿತ್ತು. ಹುಣಸೆಯ ಒಂದು ಎಲೆ, ಉಗುರಿನಷ್ಟೂ ಇಲ್ಲ, ಅಲ್ಲೇ ಸುತ್ತುತ್ತಿತ್ತು. ಇನ್ನೊಂದು ಹನಿ ಬಿದ್ದ ರಭಸಕ್ಕೆ ಅದು ಮೂಡಣಕ್ಕೆ ವಾಲಿತು, ಆಮೇಲೆ ತಡೆಯಿಲ್ಲ, ಚರಂಡಿ ಹಿಡಿದು ಹೊರಟೇಹೋಯಿತು. ಅದರ ಪಕ್ಕದ ಎಲೆ ಪಡುವಣಕ್ಕೆ ಬಿತ್ತು.

ಕಂಬಳಿ ಕೊಪ್ಪೆ ಹೊದ್ದ ಒಬ್ಬ ಕುರಿ ಕಾಯುವವರು ಬಂದು ನಿಂತರು. 'ಗಾಡಿ ಕೆಟ್ಟೋಯ್ತಾ ಸ್ವಾಮಿ?'

'ಇಲ್ಲ. ನೀರು ಯಾವ ಕಡೆ ಹೋಯ್ತದೆ ಅಂತ ನೋಡ್ತಿದ್ದೆ.'

ಅವರು ನನ್ನನ್ನೂ ರಸ್ತೆಯನ್ನೂ ನೋಡಿದರು. 'ಇಕ್ಕಡೆ ಬಿದ್ದುದ್ದು ಕನ್ನಂಬಾಡಿಗೆ. ಅಕ್ಕಡೆದು ಲೋಕಪಾವ್ನಿಗೆ.' ಕುರಿಯೊಂದನ್ನು ಕೋಲಿನಿಂದ ಈಚೆ ತಳ್ಳಿ, ಮತ್ತೆ ಹೇಳಿದರು. 'ಎತ್ಲಾಗೋದ್ರೂ ಪಟ್ಣದ ತಾವ ಒಂದಾಯ್ತವೆ ಬುಡಿ. ನಮ್ ಅಣ್ತಮ್ಮಂದ್ರಂಗಲ್ಲ ಇವು.'

ಸರಿಯಾಗಿತ್ತು ಅವರ ಭೂಗೋಳ. ಪಡುವಣದ ಹನಿ ಕೆ.ಆರ್. ಪೇಟೆ ಸೀಮೆಯ ಕೆರೆ ಹಳ್ಳಗಳನ್ನು ದಾಟಿ ಹೇಮಾವತಿ, ಕಾವೇರಿ ಬೆರೆತ ಕನ್ನಂಬಾಡಿಯ ಹಿನ್ನೀರಿಗೆ. ಅಲ್ಲಿಂದ ಕಟ್ಟೆ ಇಳಿದು ಶ್ರೀರಂಗಪಟ್ಟಣಕ್ಕೆ. ಮೂಡಣದ ಹನಿ ಲೋಕಪಾವನಿಗೆ ಬಿದ್ದು, ಕರಿಘಟ್ಟದ ಬುಡದಲ್ಲಿ ಅದೇ ಕಾವೇರಿಗೆ. ಫುರ್ಕಾದಲ್ಲಿ ಅಗಲಿದ್ದು ಅಗಲಿದ್ದೇ. ಇಲ್ಲಿನದು ಆಣೆಕಟ್ಟೆಯ ಗೇಟು ತೆರೆದ ಹಾಗೆ, ಒಂದು ತಿಂಗಳೋ ಒಂದು ವರ್ಷವೋ ತಡವಾಗಬಹುದು. ಗದ್ದೆಯವನು ನಡುವೆ ತೂಬೆತ್ತಿದರೆ ಮುಟ್ಟದೆಯೂ ಹೋಗಬಹುದು, ಅದು ಬೇರೆ ಮಾತು. ಮೂಡಣಕ್ಕೆ ಹೋದ ಆ ಹುಣಸೆ ಎಲೆಗಾದರೂ ಯಾವ ಗೇಟಿನ ಕಾಟವೂ ಇಲ್ಲ ಎಂದುಕೊಂಡೆ. ಆಮೇಲೆ ಕೆರೆಗಳು ನೆನಪಾದವು.

ಕೆ.ಆರ್. ಪೇಟೆಯಲ್ಲಿ ಊಟ. ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯನ್ನು ಮಳೆಯ ದೆಸೆಯಿಂದ ಹೊರಗಿನಿಂದಲೇ ಒಂದು ಪ್ರದಕ್ಷಿಣೆ ಹಾಕಿದೆ. ಹೊಯ್ಸಳರ ಆನೆಗಳು ಜಗತಿಯ ಸುತ್ತ ಸಾಲು ಹಿಡಿದು ಹೋಗುತ್ತಲೇ ಇವೆ, ಯಾವ ಘಟ್ಟಕ್ಕೂ ಬಂದು ಮುಟ್ಟಿಲ್ಲ. ಇದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು ವಯಸ್ಸಾದ ಮೇಲೆ ಅಮೆರಿಕಕ್ಕೆ ಹೋಗಿ ಬಂದು 'ಅಪರವಯಸ್ಕನ ಅಮೆರಿಕಾ ಯಾತ್ರೆ' ಬರೆದರು, ನೂರು ದಾಟಿ ಬದುಕಿದರು. ಮಕ್ಕಳಿದ್ದಲ್ಲಿಗೆ ಹೋಗಿ ಕಿಟಕಿಯಲ್ಲಿ ಕೂತು ಜಗತ್ತು ನೋಡುವ ನಮ್ಮಂಥ ಅಪರವಯಸ್ಕರಿಗೆಲ್ಲ ಅವರೇ ಹಿರಿಯಣ್ಣ. ಹೇಮಾವತಿಯ ದಡದಲ್ಲಿ ಬೆಳೆದವರ ಗದ್ಯಕ್ಕೆ ಆ ನಿಧಾನ ಹೇಗೋ ಬಂದುಬಿಡುತ್ತದೆ.

ಅಲ್ಲಿಂದ ಸೀದಾ ಹಿಂದಿರುಗಬಹುದಿತ್ತು. ಮೂಡಣದ ಹನಿಯ ದಾರಿಯನ್ನೂ ನೋಡೋಣ ಎಂದು ನಾಗಮಂಗಲದ ಕಡೆ ಸುತ್ತಿ ಬಂದೆ. ಲೋಕಪಾವನಿ ಹುಟ್ಟುವುದು ಆ ತಾಲ್ಲೂಕಿನಲ್ಲೇ. ಪೇಟೆಯಲ್ಲಿ ಸೌಮ್ಯಕೇಶವನ ಗೋಪುರಕ್ಕೆ ಕಾರಿನೊಳಗಿಂದಲೇ ಕೈಮುಗಿದೆ. ಈ ಊರಿನ ಕಂಚು ಹಿತ್ತಾಳೆ ಕೆಲಸಕ್ಕೆ ಹಿಂದಿನಿಂದಲೂ ಹೆಸರು. ಒಂದು ಬಾಗಿಲ ಒಳಗಿಂದ ಸುತ್ತಿಗೆಯ ಸದ್ದು ಕೇಳಿ ನಿಲ್ಲಿಸಬೇಕೆನಿಸಿತು, ನಿಲ್ಲಿಸಲಿಲ್ಲ. ಆಮೇಲೆ ಹೆದ್ದಾರಿಯಲ್ಲಿ ದಕ್ಷಿಣಕ್ಕೆ. ನದಿ ಕಾಣುವುದು ಅಪರೂಪ, ಆದರೆ ಪಕ್ಕದಲ್ಲೆಲ್ಲೋ ಇದೆ ಎಂಬುದು ತೆಂಗಿನ ಸಾಲು ದಟ್ಟವಾದಾಗ ತಿಳಿಯುತ್ತದೆ. ಕಬ್ಬು ತುಂಬಿದ ಎರಡು ಟ್ರೇಲರಿನ ಟ್ರ್ಯಾಕ್ಟರೊಂದು ಜಕ್ಕನಹಳ್ಳಿಯ ಆಚೆಯಿಂದ ಪಾಂಡವಪುರದ ತನಕ ನನ್ನನ್ನು ಮುಂದೆ ಬಿಡಲಿಲ್ಲ. ಅಂಚೆ ಬಸ್ಸಿಗೂ ಇಷ್ಟು ದರ್ಪ ಇರಲಿಲ್ಲ. ಬೆಳಿಗ್ಗೆ ಎಡಕ್ಕೆ ಹೊರಳಿದ್ದ ತಿರುವನ್ನು ಅದರ ಹೊಗೆಯಲ್ಲೇ ದಾಟಿದೆ.

ಕರಿಘಟ್ಟದ ಬುಡಕ್ಕೆ ಬಂದಾಗ ಐದೂವರೆ. ಈ ಬೆಟ್ಟದ ಸಾಲಿನ ಹೊಟ್ಟೆಯೊಳಗೆ ಹುಲಿಕೆರೆಯ ಸುರಂಗವಿದೆ. 1930ರ ಆಚೀಚೆ ಕನ್ನಂಬಾಡಿಯ ನೀರನ್ನು ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಗೆ ಒಯ್ಯಲು ಬಂಡೆ ಕೊರೆದರು. ಸುಮಾರು ಎರಡೂ ಮುಕ್ಕಾಲು ಕಿಲೋಮೀಟರ್. ಆಗ ಅದಕ್ಕೆ ಇರ್ವಿನ್ ನಾಲೆ ಎಂದು ಹೆಸರು, ಈಗ ವಿಶ್ವೇಶ್ವರಯ್ಯ ನಾಲೆ. ಸ್ವಿಟ್ಜರ್‌ಲೆಂಡಿನವರು 2016ರಲ್ಲಿ 57 ಕಿಲೋಮೀಟರಿನ ಗೊಟ್ಟಾರ್ಡ್ ರೈಲು ಸುರಂಗ ತೆರೆದಾಗ ಜಗತ್ತೇ ಬಾಯಿ ಬಿಟ್ಟಿತು, ನಾನೂ ಬಿಟ್ಟೆ. ಅಲ್ಲಿ ಬೆಟ್ಟ ಕೊರೆದದ್ದು ಮನುಷ್ಯರು ದಾಟಲಿ ಎಂದು. ನಮ್ಮವರು ಕೊರೆದದ್ದು ನೀರು ದಾಟಲಿ ಎಂದು. ಮನುಷ್ಯರು ಹೇಗೂ ಸುತ್ತಿಕೊಂಡು ಹೋಗುತ್ತಾರಲ್ಲ.

ಮೇಲಿನವರೆಗೂ ರಸ್ತೆಯಿದೆ. ಮತ್ತೆ ಎರಡನೇ ಗೇರು. ಶ್ರೀನಿವಾಸನ ಗುಡಿಯ ಮುಂದಿನ ಕಟ್ಟೆಯಿಂದ ನೋಡಿದರೆ ಕೆಳಗೆ ಕಾವೇರಿ ಅಗಲವಾಗಿ, ಬೂದಿ ಬಣ್ಣಕ್ಕೆ ಹರಡಿಕೊಂಡಿತ್ತು. ಲೋಕಪಾವನಿ ಇಷ್ಟೇ ಇಷ್ಟು, ಹೊಸ ಮಳೆಯ ಕೆಂಪು. ಕೂಡಿದ ಮೇಲೂ ಸ್ವಲ್ಪ ದೂರ ಕೆಂಪು ಒಂದು ಬದಿಗೆ, ಬೂದಿ ಒಂದು ಬದಿಗೆ, ಮಾತು ಬಿಟ್ಟವರು ಒಂದೇ ಬೆಂಚಿನ ಮೇಲೆ ಕೂತ ಹಾಗೆ ಜೊತೆಯಲ್ಲೇ ಹೋಗುತ್ತಿದ್ದವು. ಎಲ್ಲಿ ಬೆರೆತವು ಎಂದು ನೋಡುತ್ತಾ ನಿಂತೆ. ತೋಪಿನ ಆಚೆ ನದಿ ತಿರುಗಿಬಿಟ್ಟಿತು, ಕತ್ತಲೂ ಆಯಿತು.

ಇಳಿಯುವಾಗ ಅರ್ಧದಾರಿಯ ತಿರುವಿನಲ್ಲಿ ಕೆಳಗಿನಿಂದ ಒಂದು ಬೆಳಕು ಏರಿ ಬಂತು. ಮೊಪೆಡ್ಡು. ಗಂಡ, ಹೆಂಡತಿ, ನಡುವೆ ಒಂದು ಮಗು, ಮುಂದೆ ಕಾಲಿಡುವ ಜಾಗದಲ್ಲಿ ಎಣ್ಣೆಯ ಡಬ್ಬಿ ಹಿಡಿದು ನಿಂತ ಇನ್ನೊಂದು ಮಗು. ಗಾಡಿ ಹತ್ತಲಾರದೆ ಕೊಸರುತ್ತಿತ್ತು, ಹೆಂಡತಿ ಇಳಿದು ಪಕ್ಕದಲ್ಲಿ ನಡೆಯತೊಡಗಿದಳು. ನಾನು ಬಂಡೆಯ ಕಡೆಗೆ ಒತ್ತಿ ನಿಲ್ಲಿಸಿ, ಅವರ ಕಣ್ಣಿಗೆ ಹೊಡೆಯದಿರಲಿ ಎಂದು ದೀಪ ತಗ್ಗಿಸಿದೆ. ಅವರು ಹಾದು ಹೋಗುವಾಗ ಡಬ್ಬಿ ಹಿಡಿದ ಹುಡುಗ ಬಾಯಿಂದಲೇ ಪೋಂ ಪೋಂ ಎಂದು ಹಾರನ್ ಊದಿದ.